ಎಡಬದಿಯ ಖಾಲಿ ಜಾಗ

ಜನವರಿ 11

ತಂಗಿಗೆ,

ಕ್ಷೇಮ. ಮಂಡಿ ನೋವು ಇದ್ದ ಹಾಗೇ ಇದೆ, ಅದರ ವಿಷಯ ಬಿಡು.

ನಿನ್ನ ಮಗಳು ನಮ್ಮ ನೀರು ಶುದ್ಧೀಕರಣ ಘಟಕಕ್ಕೆ ಸೇರಿ ಅರ್ಧ ವರ್ಷವಾಯಿತು. ಕಂಟ್ರೋಲ್ ರೂಮಿನಲ್ಲಿ ನನ್ನ ಬೆನ್ನ ಹಿಂದಿನ ಮೇಜು ಅವಳದು. ಕೆಲಸ ಬೇಗ ಕಲಿತಳು. ಹೊತ್ತಿಗೆ ಸರಿಯಾಗಿ ಬರುತ್ತಾಳೆ, ಹೊತ್ತು ಮೀರಿ ಹೋಗುತ್ತಾಳೆ. ಈ ಎರಡನೆಯದರ ಬಗ್ಗೆ ಬರೆಯಬೇಕೆಂದು ಕುಳಿತಿದ್ದೇನೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಕಂಟ್ರೋಲ್ ರೂಮಿನ ಗೋಡೆ ಹಲಗೆಯದು, ಈಚೆ ಆಡಿದ್ದು ಆಚೆ ಕೇಳುತ್ತದೆ. ಆಫೀಸಿನ ಮೇಲ್ ಯಾರು ಯಾರು ಓದುತ್ತಾರೋ ತಿಳಿಯದು. ಮನೆಯಿಂದ ಫೋನ್ ಮಾಡಿದರೆ ನೀನು ನಡುವೆಯೇ ನಗಲು ಶುರು ಮಾಡುತ್ತೀ. ಅದಕ್ಕೆ ಕಾಗದ.

ನಿನಗೆ ತಿಳಿಯುವ ಹಾಗೆ ಹೇಳುತ್ತೇನೆ. ತೊಟ್ಟಿಗಳನ್ನು ತುಂಬಿಸುವ, ಕವಾಟ ತೆರೆಯುವ, ನೀರು ಮಿತಿ ಮೀರಿದರೆ ಗಂಟೆ ಬಾರಿಸುವ ಪ್ರೋಗ್ರಾಮ್ ನಾನು ಬರೆದದ್ದು. ಅದನ್ನು ಬರೆದಿರುವ ಭಾಷೆಯಲ್ಲಿ, ಸಾಲಿನ ಎಡಬದಿಗೆ ಬಿಟ್ಟ ಖಾಲಿ ಜಾಗಕ್ಕೂ ಅರ್ಥವಿದೆ. ಒಂದು ಸಾಲು ಮೇಲಿನ ಸಾಲಿಗಿಂತ ಒಳಗೆ ಸರಿದಿದ್ದರೆ ಅದು ಮೇಲಿನದರ ಮಾತು ಕೇಳುತ್ತದೆ. ಹೊರಗೆ ಬಂದರೆ ಅದು ಯಾರ ಮಾತನ್ನೂ ಕೇಳುವುದಿಲ್ಲ. ‘ತೊಟ್ಟಿ ತೊಳೆಯುತ್ತಿದ್ದರೆ’ ಎಂಬ ಅರ್ಥದ ಒಂದು ಸಾಲಿದೆ. ಅದರ ಕೆಳಗೆ, ಒಳಕ್ಕೆ ಸರಿದು, ‘ಗಂಟೆ ನಿಲ್ಲಿಸು’ ಎಂದಿದೆ. ಈ ಎರಡನೆಯ ಸಾಲನ್ನು ಯಾರಾದರೂ ಸ್ವಲ್ಪ ಎಡಕ್ಕೆ ಎಳೆದರೆ ಸಾಕು. ಒಂದಕ್ಷರವೂ ಬದಲಾಗುವುದಿಲ್ಲ, ಗಂಟೆ ಮಾತ್ರ ಯಾವಾಗಲೂ ನಿಂತೇ ಇರುತ್ತದೆ.

ಕಳೆದ ತಿಂಗಳು ನಮಗೆ ಹೊಸ ಯಂತ್ರಗಳು ಬಂದವು, ಪ್ರೋಗ್ರಾಮ್ ಬರೆಯುವ ಎಡಿಟರ್ ಕೂಡ ಹೊಸದು. ಅದೇ ಗಡಿಬಿಡಿಯಲ್ಲಿ ಯಾರೋ ನನ್ನ ಫೈಲುಗಳಿಗೆ ಕೈ ಹಾಕಿದ್ದಾರೆ. ಬೆಳಿಗ್ಗೆ ಬಂದ ಕೂಡಲೇ ನಾನು ಎಲ್ಲ ಫೈಲನ್ನೂ ತೆರೆದು, ಕೊನೆಯವರೆಗೆ ಕಣ್ಣಾಡಿಸಿ, ಸೇವ್ ಮಾಡಿ ಮುಚ್ಚುತ್ತೇನೆ. ಕರೆಂಟು ಹೋಗಿ ಹೋಗಿ ಬರುತ್ತಿದ್ದ ಕಾಲದಿಂದ ಬಂದ ಅಭ್ಯಾಸ. ತೆರೆದದ್ದನ್ನು ಸೇವ್ ಮಾಡದೆ ಮುಚ್ಚಬಾರದು ಎಂದು ಇಲ್ಲಿಗೆ ಬಂದವರಿಗೆಲ್ಲ ಕಲಿಸಿದವನು ನಾನೇ. ಆಮೇಲೆ ಜೇಬಿನ ಪೆನ್‌ಡ್ರೈವಿನಲ್ಲಿಟ್ಟಿರುವ ನನ್ನ ಮೂಲ ಪ್ರತಿಯ ಜೊತೆ ಹೋಲಿಸುತ್ತೇನೆ. ಬೇರೆಯಾದ ಸಾಲನ್ನು ಯಂತ್ರ ಕೆಂಪಾಗಿ ತೋರಿಸುತ್ತದೆ, ನೂರಾರು ಸಾಲು ಕೆಂಪಾಗಿ ಕಾಣುತ್ತವೆ. ಓದಿದರೆ ಎಲ್ಲ ಸರಿ. ಅಕ್ಷರ ಅದೇ, ಅಂಕಿ ಅದೇ. ಬದಲಾಗಿರುವುದು ಎಡಬದಿಯ ಖಾಲಿ ಜಾಗ.

ನಾವೆಲ್ಲ ಒಂದೇ ಹೆಸರಿನಲ್ಲಿ ಒಳಗೆ ಹೋಗುವುದರಿಂದ ಯಾರು ಮಾಡಿದ್ದೆಂದು ಯಂತ್ರ ಹೇಳುವುದಿಲ್ಲ.

ಮೊನ್ನೆ ನಿನ್ನ ಮಗಳು ಎಲ್ಲರೆದುರು, “ಮಾವ, ಬರೀ ನೋಡೋಕೆ ತೆರೆದಿದ್ದಾದ್ರೆ ಸೇವ್ ಮಾಡ್ದೇ ಮುಚ್ಚಬಹುದಲ್ವಾ?” ಎಂದಳು. “ನೀನು ಹುಟ್ಟೋ ಮೊದಲಿಂದ ಸೇವ್ ಮಾಡ್ತಿದೀನಮ್ಮ” ಎಂದೆ. ಎಲ್ಲರೂ ನಕ್ಕರು. ನಾನು ಸೇವ್ ಮಾಡದಿದ್ದರೆ ಅವಳಿಗೇನು ಅನುಕೂಲ ಎಂದು ಆಮೇಲೆ ಯೋಚನೆ ಹತ್ತಿತು.

ನಿನ್ನ ಹತ್ತಿರ ಕೆಲಸದ ವಿಷಯ ಏನಾದರೂ ಹೇಳುತ್ತಾಳೆಯೆ? ನಾನು ಕೇಳಿದೆನೆಂದು ಅವಳಿಗೆ ತಿಳಿಯುವುದು ಬೇಡ.

ನಿನ್ನ ಅಣ್ಣ


ಜನವರಿ 19

ಅಣ್ಣನಿಗೆ,

ನಿನ್ನ ಲಕೋಟೆ ಕೊಡುವಾಗ ಪೋಸ್ಟ್‌ಮ್ಯಾನ್ ಯಾರೋ ಹೋದರು ಅನ್ನುವ ಮುಖ ಮಾಡಿದ. ಈಗ ಕಾಗದ ಬರೆಯುವವರು ಎರಡೇ ಜನ, ಒಂದು ಕೋರ್ಟಿನವರು, ಇನ್ನೊಂದು ನೀನು.

ಖಾಲಿ ಜಾಗದ ಪುರಾಣ ಎರಡು ಸಲ ಓದಿದೆ. ಏನೂ ಇಲ್ಲದ ಕಡೆ ಏನೋ ಆಗಿದೆ ಅನ್ನುತ್ತಿದ್ದೀ. ನನ್ನ ಕನ್ನಡಕದಂಗಡಿಗೆ ಬರುವ ಅರ್ಧ ಜನ ಇದನ್ನೇ ಹೇಳುವುದು. ನಂಬರ್ ಬದಲಿಸಿ ಕಳಿಸುತ್ತೇನೆ. ನಿನಗೂ ಒಂದು ಜೊತೆ ಮಾಡಿಕೊಡಲೇ?

ತಮಾಷೆ ಸಾಕು. ಅವಳು ನಿನ್ನ ಸೊಸೆ. ಕೆಲಸ ಕೊಡಿಸಿದವನು ನೀನು. ಹೊರಡುವ ದಿನ ಬಾಗಿಲಲ್ಲಿ ನಿಲ್ಲಿಸಿ ಹೇಳಿ ಕಳಿಸಿದ್ದೇನೆ: “ಮಾವನ ಮುಂದೆ ತಲೆ ಎತ್ತಿ ಮಾತಾಡಬೇಡ. ಅವರ ತಪ್ಪು ನಿನ್ನ ಕಣ್ಣಿಗೆ ಬಿದ್ರೂ ನುಂಗಿಕೊ. ಅವರು ಹಾಕಿದ ಸಹಿಯಿಂದ ನೀನು ಅಲ್ಲಿದೀಯ.” ಅದಕ್ಕವಳು, “ನುಂಗಿದ್ದು ಜೀರ್ಣ ಆಗ್ಬೇಕಲ್ಲಮ್ಮ” ಅಂದಳು. ಅಷ್ಟು ಬಾಯಿ ಇದೆ ಅವಳಿಗೆ, ಒಪ್ಪುತ್ತೇನೆ. ಕೈ ಕೆಟ್ಟದ್ದಲ್ಲ.

ಚಿಕ್ಕವಳಿದ್ದಾಗ ಅಂಗಡಿಯ ಯಾವುದಾದರೂ ಫ್ರೇಮಿನ ಸ್ಕ್ರೂ ಸಡಿಲವಾಗಿದ್ದರೆ ತಾನೇ ಬಿಗಿ ಮಾಡಿ, ಹೇಳದೆ ಕೇಳದೆ ಇದ್ದ ಜಾಗದಲ್ಲೇ ಇಟ್ಟುಬಿಡುತ್ತಿದ್ದಳು. ಗಿರಾಕಿ ಬಂದು ಹೇಳಿದಾಗಲೇ ನನಗೆ ತಿಳಿಯುತ್ತಿತ್ತು. ಆಗ ಹೆಮ್ಮೆಪಟ್ಟೆ. ಈಗ ನಿನ್ನ ಕಾಗದ ಓದಿದ ಮೇಲೆ, ಹೇಳದೆ ಮಾಡುವ ಬುದ್ಧಿ ಎಂದು ಅದಕ್ಕೇ ಇನ್ನೊಂದು ಹೆಸರು ಹೊಳೆಯುತ್ತಿದೆ. ಇಂಥದ್ದನ್ನು ನನ್ನ ತಲೆಗೆ ಯಾಕೆ ಹಾಕಿದೆ?

ಒಂದು ಮಾತು ಬರೆಯದಿದ್ದರೆ ಮನಸ್ಸಿಗೆ ಸಮಾಧಾನವಿಲ್ಲ. ಭಾನುವಾರ ಫೋನಿನಲ್ಲಿ “ಮಾವ ಹೇಗಿದಾರೆ?” ಎಂದು ಕೇಳಿದೆ. “ಚೆನ್ನಾಗಿದಾರೆ” ಎಂದಳು, ನಾನು ಕೇಳಿ ಮುಗಿಸುವ ಮೊದಲೇ. ಅವಳು ಅಷ್ಟು ಬೇಗ ಉತ್ತರ ಕೊಡುವವಳಲ್ಲ.

ಮಂಡಿಗೆ ಬಿಸಿನೀರಿನ ಶಾಖ ಕೊಡು.

ನಿನ್ನ ತಂಗಿ


ಫೆಬ್ರವರಿ 6

ತಂಗಿಗೆ,

‘ಕೇಳಿ ಮುಗಿಸುವ ಮೊದಲೇ’ ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ನಾನು ಮತ್ತೆ ಮತ್ತೆ ಓದಿದೆ.

ಗೇಟಿನ ಕಾವಲುಗಾರ ಮೊನ್ನೆ ಹೇಳಿದ: “ಸಾರ್, ನೀವು ಹೋದ್ಮೇಲೆ ನಿಮ್ಮ ಸೊಸೆ ನಿಮ್ಮ ಕುರ್ಚೀಲಿ ಕೂತಿರ್ತಾರೆ. ಕುರ್ಚಿ ತಣ್ಣಗಾಗ್ಬಾರ್ದು ಅಂತಲೋ ಏನೋ.” ಅವನು ನಕ್ಕ. ನಾನೂ ನಕ್ಕೆ.

ಮರುದಿನ ಮನೆಗೆ ಹೊರಟವನು ಬಸ್ ನಿಲ್ದಾಣದಿಂದ ಹಿಂದಿರುಗಿದೆ. ಕಂಟ್ರೋಲ್ ರೂಮಿನ ಗಾಜಿನಿಂದ ನೋಡಿದೆ. ನನ್ನ ಯಂತ್ರದ ಮುಂದೆ ಅವಳೇ. ಬೆಳಕು ಅವಳ ಮುಖದ ಮೇಲೆ ಬಿದ್ದಿತ್ತು. ಅವಸರವಿರಲಿಲ್ಲ, ಹೆದರಿಕೆಯೂ ಇರಲಿಲ್ಲ. ದಿನವೂ ಮಾಡುವ ಕೆಲಸ ಮಾಡುವವರ ಮುಖ. ಅವಳು ಹೋದ ಮೇಲೆ ಒಳಗೆ ಹೋಗಿ, ಮೂಲ ಪ್ರತಿಯ ಜೊತೆ ಹೋಲಿಸಿದೆ. ಒಂದು ಸಾಲೂ ಕೆಂಪಾಗಲಿಲ್ಲ. ಎಲ್ಲ ಸರಿಯಾಗಿತ್ತು. ಮಾರನೆಯ ಬೆಳಿಗ್ಗೆ, ಎಂದಿನ ಹಾಗೆ ಎಲ್ಲವನ್ನೂ ತೆರೆದು ನೋಡಿ ಹೋಲಿಸಿದರೆ ಮತ್ತೆ ಕೆಂಪು.

ಇದರ ಅರ್ಥ ನನಗೆ ಒಂದೇ ಕಾಣುತ್ತದೆ. ಬದಲಿಸುವುದು, ತಿರುಗಿ ಮೊದಲಿನಂತೆ ಮಾಡುವುದು, ಎರಡನ್ನೂ ಅವಳು ಅಭ್ಯಾಸ ಮಾಡುತ್ತಿದ್ದಾಳೆ. ಕದ್ದ ಪಾತ್ರೆಯನ್ನು ಸಂಜೆ ತಂದಿಡುವ ಕಳ್ಳನ ಮೇಲೆ ಯಾರು ದೂರು ಕೊಡುತ್ತಾರೆ? ಯಂತ್ರ ಫೈಲುಗಳನ್ನು ಹೊಸದಾಗಿ ಓದಿಕೊಳ್ಳುವುದು ದಿನಕ್ಕೊಮ್ಮೆ, ದೀಪ ಹಚ್ಚುವ ಹೊತ್ತಿಗೆ. ಆ ಹೊತ್ತಿಗೆ ಸರಿಯಾಗಿ ಎಲ್ಲವೂ ನೆಟ್ಟಗಿರುತ್ತದೆ. ಯಾವತ್ತೋ ಒಂದು ದಿನ ನೆಟ್ಟಗಿರುವುದಿಲ್ಲ.

ಯಾಕೆ ಎಂದು ಕೇಳುತ್ತೀ. ನಮಗೆ ಹೊಸ ಮೇಲಧಿಕಾರಿ ಬಂದಿದ್ದಾನೆ. ಅಂಗಿಯಲ್ಲಿ ಒಂದು ಸುಕ್ಕಿಲ್ಲ, ಎಲ್ಲರೂ ಅವನನ್ನು ಇಸ್ತ್ರಿ ಎನ್ನುತ್ತಾರೆ. ನನ್ನ ಪ್ರೋಗ್ರಾಮನ್ನು ಕಿತ್ತುಹಾಕಿ ಹೊರಗಿನ ಕಂಪನಿಯ ಸಿದ್ಧ ವ್ಯವಸ್ಥೆ ತರಬೇಕೆಂದು ಅವನಿಗೆ ಆಸೆ. ಅದಕ್ಕೆ ನನ್ನದು ಒಮ್ಮೆ ಕೈಕೊಡಬೇಕು. ಕಳೆದ ವಾರ ಕ್ಯಾಂಟೀನಿನಲ್ಲಿ ಅವನು ನಿನ್ನ ಮಗಳ ಎದುರು ಕುಳಿತು ಏನೋ ಕೇಳುತ್ತಿದ್ದ. ಅವಳು ತಲೆಯಾಡಿಸಿದಳು. ಹೌದೆಂದೋ ಅಲ್ಲವೆಂದೋ ದೂರದಿಂದ ತಿಳಿಯಲಿಲ್ಲ.

ನಾನು ಫೈಲುಗಳನ್ನು ಸರಿಪಡಿಸುತ್ತಿಲ್ಲ. ಹೆಜ್ಜೆಗುರುತು ಅಳಿಸಿ ಕಳ್ಳನನ್ನು ಹುಡುಕಲಾಗುವುದಿಲ್ಲ. ನೀನೊಮ್ಮೆ ಅವಳನ್ನು ಮನೆಗೆ ಕರೆಸಿ, ಎದುರು ಕೂರಿಸಿಕೊಂಡು ಕೇಳು. ತಾಯಿಯ ಮುಂದೆ ಮುಖ ಸುಳ್ಳು ಹೇಳಲಾರದು.

ಅಣ್ಣ


ಫೆಬ್ರವರಿ 14

ಮಗಳಿಗೆ,

ಫೋನಿನಲ್ಲಿ ಕರೆದರೆ ರಜೆಯಿಲ್ಲ ಎನ್ನುತ್ತೀ ಎಂದು ಬರೆಯುತ್ತಿದ್ದೇನೆ. ಅಂಗಡಿಯ ಸರಕು ಎಣಿಸಬೇಕು, ನನ್ನೊಬ್ಬಳಿಂದ ಆಗದು. ಇಪ್ಪತ್ತೊಂದರಿಂದ ಮೂರು ದಿನ ಬಂದು ಹೋಗು. ಮಾವನಿಗೆ ನಾನು ಹೇಳುತ್ತೇನೆ, ಅವರು ಬೇಡ ಎನ್ನುವುದಿಲ್ಲ.

ಬೇರೆ ಏನೂ ಇಲ್ಲ. ಸುಮ್ಮನೆ ಬಾ.

ಅಮ್ಮ


ಫೆಬ್ರವರಿ 27

ತಂಗಿಗೆ,

ಆಗಬಾರದ್ದು ಆಯಿತು. ನಿನ್ನ ಮಗಳು ನಿನ್ನಲ್ಲಿಗೆ ಹೊರಟ ಮರುದಿನ, ಬೆಳಗಿನ ಜಾವ, ಮೂರನೆಯ ತೊಟ್ಟಿ ತುಂಬಿ ಹರಿಯಿತು. ಗಂಟೆ ಮೊಳಗಲಿಲ್ಲ. ನೀರು ಪಂಪ್ ಮನೆಯ ನೆಲಮಾಳಿಗೆಗೆ ಇಳಿದಿತ್ತು. ಪಂಪ್ ಆಪರೇಟರ್ ಶಬ್ದ ಕೇಳಿ ಮೆಟ್ಟಿಲಿಳಿಯಲು ಹೋಗಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಾರೆ. ಬಲಗೈ. ಕಂಟ್ರೋಲ್ ರೂಮಿನಲ್ಲಿ ಫೈಲು ತೆರೆದು ನೋಡಿದೆವು. ‘ಗಂಟೆ ನಿಲ್ಲಿಸು’ ಎಂಬ ಸಾಲು ಎಡಕ್ಕೆ ಬಂದು ನಿಂತಿತ್ತು. ತೊಳೆಯಲಿ ಬಿಡಲಿ, ಗಂಟೆ ಬಂದ್.

ಹೊರಡುವ ಹಿಂದಿನ ಸಂಜೆ ನಿನ್ನ ಮಗಳು ನನ್ನ ಮೇಜಿನ ಹತ್ತಿರ ಬಂದಿದ್ದಳು. “ಮಾವ, ನಾನಿಲ್ದೇ ಇರೋವಾಗ ಸಂಜೆ ಹೋಗೋ ಮುಂಚೆ ಒಂದ್ಸಲ ಹಳೇ ಪ್ರತಿ ಜೊತೆ ಹೋಲಿಸಿ, ಬೇರೆ ಇದ್ರೆ ಹಳೇದನ್ನೇ ಹಾಕ್ತೀರಾ? ಗಂಟೆ ಸಾಲು ಮುಖ್ಯವಾಗಿ.” ಗಂಟೆ ಸಾಲು ಎಂದು ಅವಳ ಬಾಯಿಂದಲೇ ಬಂತು. ಆಗಲಿ ಎಂದೆ. ಮಾಡಲಿಲ್ಲ. ಅವಳು ಹೇಳಿದಂತೆ ಮಾಡಿದರೆ ಅವಳ ಆಟದಲ್ಲಿ ನಾನೂ ಒಂದು ಕಾಯಿಯಾಗುತ್ತೇನೆ ಎನಿಸಿತು. ಇಲ್ಲದಿರುವಾಗ ಏನಾಗುತ್ತದೆ ಎಂದು ಇಷ್ಟು ಚೆನ್ನಾಗಿ ಗೊತ್ತಿರುವವರು ಯಾರು ಎಂದು ನೀನೇ ಹೇಳು.

ವಿಚಾರಣೆ ನಡೆಯಿತು. ಅವಳನ್ನು ರಜೆಯ ನಡುವೆಯೇ ಕರೆಸಿದರು. ನಾನು ಕಂಡದ್ದನ್ನು, ಕೇಳಿದ್ದನ್ನು ಹೇಳಿ ಸಹಿ ಹಾಕಿದ್ದೇನೆ. ಸುಳ್ಳು ಒಂದೂ ಇಲ್ಲ. ಇಸ್ತ್ರಿ ಅವಳನ್ನು ಕೇಳಿದ: “ಅವರ ಮೆಷಿನ್ ಮುಂದೆ ದಿನಾ ಕೂತು ಏನ್ ಮಾಡ್ತಿದ್ರಿ?” ಅವಳು ನನ್ನ ಕಡೆ ನೋಡಿದಳು. “ಕೆಲಸ ಇತ್ತು” ಎಂದಳು. ಅಷ್ಟೆ. ತಪ್ಪಿಲ್ಲದವರು ಅಷ್ಟಕ್ಕೇ ಸುಮ್ಮನಾಗುತ್ತಾರೆಯೆ?

ತೀರ್ಮಾನವಾಗುವವರೆಗೆ ಕೆಲಸಕ್ಕೆ ಬರಬಾರದೆಂದು ಆದೇಶ. ವಿಚಾರಣೆ ಅವಳ ವಿರುದ್ಧ ಮುಗಿದರೆ ಈ ಕೆಲಸವಷ್ಟೇ ಅಲ್ಲ, ಇಂಥ ಇನ್ನೆಲ್ಲೂ ಅವಳನ್ನು ಸೇರಿಸಿಕೊಳ್ಳುವುದಿಲ್ಲ. ಅದು ನನಗೂ ಗೊತ್ತಿದೆ.

ನಿನ್ನ ಮುಂದೆ ಏನು ಹೇಳಿದಳು?

ಅಣ್ಣ


ಮಾರ್ಚ್ 5

ಅಣ್ಣನಿಗೆ,

ಏನೂ ಹೇಳಲಿಲ್ಲ. ಮೊದಲ ದಿನ ಸರಕು ಎಣಿಸಿದೆವು. ನಾನು ಕೇಳಲು ಬಾಯಿ ತೆರೆಯುವಷ್ಟರಲ್ಲಿ ನಿಮ್ಮ ಆಫೀಸಿನ ಫೋನ್ ಬಂತು, ಹೋದಳು. ತಿರುಗಿ ಬಂದವಳು ಚಪ್ಪಲಿ ಬಿಟ್ಟು ಒಳಗೆ ಹೋಗಿ ಮಲಗಿದಳು. “ಯಾಕೆ ಮಾಡಿದೆ?” ಎಂದು ಕೇಳಿದೆ. ‘ಮಾಡಿದೆಯಾ’ ಎಂದಲ್ಲ, ‘ಯಾಕೆ ಮಾಡಿದೆ’ ಎಂದು. ಬಾಯಿಂದ ಹೊರಟ ಮೇಲೆ ಗೊತ್ತಾಯಿತು. ಅವಳಿಗೂ ಗೊತ್ತಾಯಿತು. “ಮಾವ ಬರೆದಿದ್ರಾ?” ಎಂದಳು. ನಾನು ಅಂಗಡಿಗೆ ಹೊತ್ತಾಯಿತೆಂದು ಎದ್ದೆ.

ಎರಡು ದಿನ ಬಿಟ್ಟು, ಅವಳು ಸ್ನಾನಕ್ಕೆ ಹೋದಾಗ ಬ್ಯಾಗ್ ತೆರೆದೆ. ಬಟ್ಟೆ, ಚಾರ್ಜರ್, ಪಂಪ್ ಆಪರೇಟರ್‌ಗೆ ಕೊಡಲೆಂದು ತಂದು ಕೊಡಲಾಗದೆ ಉಳಿದ ಮಣಿಕಟ್ಟಿನ ಪಟ್ಟಿ. ಲ್ಯಾಪ್‌ಟಾಪ್ ತೆರೆದೆ. ನನಗೆ ಏನು ತಿಳಿಯಬೇಕು? ತಿರುಗಿ ಇಡುವಾಗ ಜಿಪ್ ಸಿಕ್ಕಿಹಾಕಿಕೊಂಡಿತು. ಅದನ್ನು ಎಳೆಯುತ್ತಿರುವಾಗ ಬಾಗಿಲಲ್ಲಿ ನಿಂತಿದ್ದಳು, ತಲೆಗೆ ಟವೆಲ್ ಸುತ್ತಿಕೊಂಡು.

“ಬಿಡಮ್ಮ, ನಾನು ತೆಗೀತೀನಿ” ಎಂದಳು. ಜಿಪ್ ಸರಿ ಮಾಡಿದಳು. ಉಳಿದ ಬಟ್ಟೆಗಳನ್ನೂ ತುಂಬಿದಳು. ಗೆಳತಿಯ ರೂಮಿಗೆ ಹೋಗುತ್ತೇನೆಂದು ಹೇಳಿ ಹೋದಳು.

ನಿನ್ನ ಮೇಲೆ ನನಗೆ ಕೋಪವಿಲ್ಲ. ಯಾರ ಮೇಲಿದೆಯೋ ಗೊತ್ತಿಲ್ಲ. ನಿನಗೆ ಖಚಿತವಾಗಿ ಗೊತ್ತಲ್ಲವೆ?

ತಂಗಿ


ಮಾರ್ಚ್ 12

ಅಮ್ಮ,

ನಾನು ಚೆನ್ನಾಗಿದ್ದೇನೆ. ಹಾಸ್ಟೆಲಿನ ಈ ಗೆಳತಿಯ ರೂಮು ಚಿಕ್ಕದು, ಆದರೆ ಕಿಟಕಿ ಇದೆ, ಎದುರು ರಸ್ತೆ ಬದಿಗೆ ಒಂದು ಬೆಂಚೂ ಇದೆ. ಊಟಕ್ಕೆ ತೊಂದರೆಯಿಲ್ಲ.

ನೀನು ಕೇಳಿದ್ದಕ್ಕೆ ಆ ದಿನ ಉತ್ತರ ಕೊಡಲಿಲ್ಲ. ಕೊಡುತ್ತೇನೆ. ಇದು ನಿನಗಾಗಿ ಮಾತ್ರ, ವಿಚಾರಣೆಗಲ್ಲ.

ಮಾವನ ಹಳೆಯ ಸಾಲುಗಳಲ್ಲಿ ಎಡಬದಿಯ ಖಾಲಿ ಜಾಗ ಬಂದದ್ದು, ಒಮ್ಮೆ ಒತ್ತಿದರೆ ಸಾಲನ್ನು ಒಳಕ್ಕೆ ತಳ್ಳುವ ಟ್ಯಾಬ್ ಕೀಲಿಯಿಂದ. ಅವರ ಪ್ರೋಗ್ರಾಮ್ ಒಂದು ಟ್ಯಾಬನ್ನು ಎಂಟು ಅಕ್ಷರದ ಜಾಗ ಎಂದು ಓದಿಕೊಳ್ಳುತ್ತದೆ. ಹೊಸ ಎಡಿಟರ್ ಸೇವ್ ಮಾಡುವಾಗ ಪ್ರತಿಯೊಂದು ಟ್ಯಾಬನ್ನೂ ತೆಗೆದು ನಾಲ್ಕು ಸ್ಪೇಸ್, ಎಂದರೆ ನಾಲ್ಕೇ ಅಕ್ಷರದ ಜಾಗ, ಹಾಕುತ್ತದೆ. ಕೇಳುವುದಿಲ್ಲ, ಹೇಳುವುದಿಲ್ಲ. ಬಹಳಷ್ಟು ಕಡೆ ಎಲ್ಲ ಸಾಲೂ ಒಟ್ಟಿಗೆ ಸರಿಯುವುದರಿಂದ ಏನೂ ಕೆಡುವುದಿಲ್ಲ. ಬೇರೆಯವರು ಸ್ಪೇಸ್ ಒತ್ತಿ ಸೇರಿಸಿದ ಸಾಲುಗಳ ನಡುವೆ ಅವರ ಸಾಲಿದ್ದರೆ, ಅದೊಂದೇ ಎಡಕ್ಕೆ ಬರುತ್ತದೆ. ಗಂಟೆಯ ಸಾಲು ಅಂಥದ್ದು.

ಮಾವ ದಿನಾ ಬೆಳಿಗ್ಗೆ ಎಲ್ಲ ಫೈಲನ್ನೂ ತೆರೆದು ಸೇವ್ ಮಾಡುತ್ತಾರೆ. ಯಾರಾದರೂ ಮುಟ್ಟಿದ್ದಾರೆಯೇ ಎಂದು ನೋಡಲು.

ಅವರ ಎಡಿಟರ್‌ನಲ್ಲಿ ಟ್ಯಾಬ್ ಬದಲಿಸುವ ಆ ಆಯ್ಕೆಯನ್ನು ನಾನು ತೆಗೆದುಹಾಕಿದೆ. ಮರುದಿನ ತಿರುಗಿ ಬಂದಿತ್ತು. ಎಲ್ಲ ಯಂತ್ರಕ್ಕೂ ಬೆಳಿಗ್ಗೆ ಆಫೀಸಿನಿಂದಲೇ ಒಂದೇ ಬಗೆಯ ಆಯ್ಕೆಗಳು ಬಂದು ಕೂರುತ್ತವೆ. ತಪ್ಪಿಸಬೇಕಾದರೆ ಮೇಲಧಿಕಾರಿಗೆ ಹೇಳಬೇಕು. ಅವರು ಕ್ಯಾಂಟೀನಿನಲ್ಲಿ ನನ್ನನ್ನು ಕೇಳಿದ್ದು, “ನಿಮ್ಮ ಮಾವನಿಗೆ ಹೊಸದು ಒಗ್ತಾ ಇದೆಯಾ?” ಎಂದು. ಒಗ್ಗುತ್ತಿದೆ ಎಂದು ತಲೆಯಾಡಿಸಿದೆ. ಆಮೇಲೆ ಹೋಗಿ ಹೇಗೆ ಹೇಳಲಿ? ಮಾವನಿಗೇ ಹೇಳಲು ಒಮ್ಮೆ ಹೋದೆ. ಎಲ್ಲರೂ ನಕ್ಕರು. ನೀನು ನುಂಗು ಎಂದಿದ್ದೆ. ನುಂಗಿದೆ. ಅವರು ಮನೆಗೆ ಹೋದ ಮೇಲೆ, ನಾನು ತೆಗೆದಿಟ್ಟಿದ್ದ ಹಳೆಯ ಪ್ರತಿ ತಿರುಗಿ ಹಾಕುತ್ತಿದ್ದೆ. ಬರುವ ವರ್ಷ ಅವರು ನಿವೃತ್ತರಾಗುವವರೆಗೆ ಹಾಗೇ ತಳ್ಳಬಹುದೆಂದುಕೊಂಡಿದ್ದೆ. ಅದು ದಡ್ಡತನ. ಒಬ್ಬರ ಕೈ ಮುರಿಯಿತು.

ವಿಚಾರಣೆಯಲ್ಲಿ ಇದನ್ನು ಹೇಳಿದ್ದರೆ, ಅವರೆಲ್ಲರ ಎದುರು ಮಾವ ಸುಮ್ಮನೆ ಕೂರಬೇಕಾಗುತ್ತಿತ್ತು. ಹೇಳೋಣವೆಂದೇ ಹೋಗಿದ್ದೆ. ಅವರ ಮುಖ ನೋಡಿದಾಗ, ಅವರು ನಿಜವಾಗಿಯೂ ನಾನೇ ಮಾಡಿದ್ದೆಂದು ನಂಬಿದ್ದಾರೆ ಎಂದು ತಿಳಿಯಿತು. ಸಿಟ್ಟಿನಿಂದಲ್ಲ, ದುಃಖದಿಂದ. ಅದಕ್ಕೆ ‘ಕೆಲಸ ಇತ್ತು’ ಎಂದಷ್ಟೇ ಹೇಳಿ ಕುಳಿತೆ.

ಒಂದೇ ಪ್ರಶ್ನೆ. ಬ್ಯಾಗ್ ತೆರೆಯುವಾಗ ಒಳಗೆ ಏನು ಸಿಗುತ್ತದೆ ಅಂದುಕೊಂಡಿದ್ದೆ?

ಮಗಳು


ಮಾರ್ಚ್ 24

ತಂಗಿಗೆ,

ಎರಡು ವಾರ ಕಂಟ್ರೋಲ್ ರೂಮಿನ ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು. ಕಸ ಗುಡಿಸುವವರನ್ನೂ ನಾನೇ ಎದುರು ನಿಂತು ಬಿಟ್ಟೆ. ಪ್ರತಿ ಸಂಜೆ ಮೂಲ ಪ್ರತಿ ಹಾಕಿ ಬೀಗ ಹಾಕಿದೆ. ಬೆಳಿಗ್ಗೆ ನೋಡಿದರೆ ಮತ್ತೆ ಕೆಂಪು. ಕಾವಲುಗಾರನ ಮೇಲೆ ಅನುಮಾನ ಬಂತು, ಅವನಿಗೆ ಓದಲು ಬಾರದು. ಇಸ್ತ್ರಿಯ ಮೇಲೆ ಬಂತು, ಅವನು ಆ ವಾರ ಊರಲ್ಲೇ ಇರಲಿಲ್ಲ. ಉಳಿದವನು ನಾನೊಬ್ಬ.

ಒಂದು ಬೆಳಿಗ್ಗೆ ಫೈಲು ತೆರೆಯದೆ ಹೋಲಿಸಿದೆ. ಸರಿಯಾಗಿತ್ತು. ತೆರೆದು, ಸೇವ್ ಮಾಡಿ ಹೋಲಿಸಿದೆ. ಕೆಂಪು. ಮತ್ತೆ ಮಾಡಿದೆ. ಮತ್ತೆ ಕೆಂಪು. ನಾನು ಕಾವಲು ಕಾಯುತ್ತಿದ್ದುದರಿಂದಲೇ ಕಳ್ಳತನ ಆಗುತ್ತಿತ್ತು.

ಎಡಿಟರ್‌ನ ದೋಷ. ಇಂಥ ಎಡಿಟರನ್ನು ಪರೀಕ್ಷಿಸದೆ ಹಂಚಿದವರ ದೋಷವೂ ಹೌದು. ಇದನ್ನು ಮೇಲಿನವರಿಗೆ ಯಂತ್ರದ ತೊಂದರೆ ಎಂದು ಸದ್ದಿಲ್ಲದೆ ತಿಳಿಸುತ್ತೇನೆ, ವಿಚಾರಣೆ ತಾನಾಗಿಯೇ ಬಿದ್ದುಹೋಗುತ್ತದೆ. ನನ್ನ ಹೇಳಿಕೆಯನ್ನು ಮತ್ತೆ ಕೆದಕುವ ಅಗತ್ಯವಿಲ್ಲ. ಅವಳು ಮುಂದಿನ ತಿಂಗಳು ಬರಲಿ.

ಆದರೂ ಒಂದು ವಿಷಯ ನನಗೆ ಹಿಡಿಸಲಿಲ್ಲ. ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಇಷ್ಟು ದಿನ ನನ್ನ ಬೆನ್ನ ಹಿಂದೆ ಕುಳಿತು ಹೇಳದೆ ಇದ್ದಳು. ಒಳ್ಳೆಯದನ್ನು ಅಷ್ಟು ಚೆನ್ನಾಗಿ ಮುಚ್ಚಿಡಬಲ್ಲವರು ಇನ್ನೇನನ್ನು ಮುಚ್ಚಿಡಲಾರರು?

ಅಣ್ಣ


ಮಾರ್ಚ್ 29

ಅಣ್ಣನಿಗೆ,

ಕೊನೆಯ ಸಾಲನ್ನು ನೀನು ಬರೆಯಲಿಲ್ಲ, ನಾನು ಓದಲಿಲ್ಲ ಎಂದಿಟ್ಟುಕೊಳ್ಳೋಣ.

ಸದ್ದಿಲ್ಲದೆ ಬೇಡ. ಅವಳ ಮೇಲೆ ಹೇಳಿದ್ದು ಎಲ್ಲರೆದುರು, ಅದೇ ಕೋಣೆಯಲ್ಲಿ, ಸಹಿ ಹಾಕಿ. ತಿರುಗಿ ಹೇಳುವುದೂ ಹಾಗೆಯೇ ಆಗಬೇಕು. ಸೇವ್ ಮಾಡಿದ್ದು ನಾನು ಎನ್ನಬೇಕು. ಹೋಲಿಸಿ ನೋಡಿ ಎಂದು ಅವಳು ಕೇಳಿಕೊಂಡದ್ದನ್ನು ಬೇಕೆಂದೇ ಮಾಡಲಿಲ್ಲ ಎನ್ನಬೇಕು. ಪಂಪ್ ಆಪರೇಟರ್‌ನ ಮನೆಗೂ ಹೋಗಬೇಕು. ಇದರಿಂದ ನಿನ್ನ ಪ್ರೋಗ್ರಾಮ್ ಹೋಗುತ್ತದೆ ಎಂದು ನನಗೆ ಗೊತ್ತಾಗದೆ ಇಲ್ಲ.

ಅದಾಗುವವರೆಗೆ ನನಗೆ ಕಾಗದ ಬರೆಯಬೇಡ. ಬಂದರೂ ಒಡೆಯುವುದಿಲ್ಲ.

ತಂಗಿ


ಏಪ್ರಿಲ್ 20

ಮಾವನವರಿಗೆ,

ನೀವು ಕೊಟ್ಟ ಎರಡನೆಯ ಹೇಳಿಕೆಯ ಪ್ರತಿಯನ್ನು ಆಫೀಸಿನವರು ನನಗೆ ಕಳಿಸಿದ್ದಾರೆ. ಓದಿದೆ. ನೀವು ಯಾವುದನ್ನೂ ಬಿಟ್ಟಿಲ್ಲ, ಯಾವುದನ್ನೂ ಮೆತ್ತಗೆ ಮಾಡಿಲ್ಲ. ಅದು ಸುಲಭವಾಗಿರಲಿಲ್ಲ ಎಂದು ನನಗೆ ತಿಳಿಯುತ್ತದೆ. ಪಂಪ್ ಆಪರೇಟರ್ ಫೋನ್ ಮಾಡಿ, ನೀವು ಅವರ ಮನೆಗೆ ಹೋಗಿದ್ದಿರಿ ಎಂದು ಹೇಳಿದರು: “ಸಾಹೇಬ್ರು ಬಂದು ಸುಮ್ನೆ ಕೂತಿದ್ರು. ಕೊನೆಗೆ ನಾನೇ ಸಮಾಧಾನ ಮಾಡಿ ಕಳಿಸ್ಬೇಕಾಯ್ತು.”

ಸೋಮವಾರದಿಂದ ಕೆಲಸಕ್ಕೆ ಬರುತ್ತೇನೆ. ಹೊಸ ವ್ಯವಸ್ಥೆ ವರ್ಷದ ಕೊನೆಗೆ ಬರುತ್ತದಂತೆ. ಅಲ್ಲಿಯವರೆಗೆ ನಿಮ್ಮದೇ ಓಡಬೇಕು, ಅದನ್ನು ನೋಡಿಕೊಳ್ಳಲು ನಾವಿಬ್ಬರೇ. ಬರುವ ಮೊದಲು ಒಂದು ಷರತ್ತು ಹಾಕಿದ್ದೇನೆ, ಮೇಲಧಿಕಾರಿ ಒಪ್ಪಿದ್ದಾರೆ. ಇನ್ನು ಮುಂದೆ ಒಬ್ಬೊಬ್ಬರೂ ತಮ್ಮ ತಮ್ಮ ಹೆಸರಿನಲ್ಲಿ ಒಳಗೆ ಹೋಗಬೇಕು. ಯಾರು ಏನು ಮಾಡಿದರೂ ಅದರ ಪಕ್ಕದಲ್ಲಿ ಅವರ ಹೆಸರಿರುತ್ತದೆ. ಸರಿಪಡಿಸಿದ್ದಕ್ಕೂ.

ನಿಮ್ಮಲ್ಲಿ ಒಂದು ವಿನಂತಿ. ನನ್ನ ಬಗ್ಗೆ ಏನಾದರೂ ಕೇಳುವುದಿದ್ದರೆ ಅಮ್ಮನಿಗೆ ಬರೆಯಬೇಡಿ. ನಿಮ್ಮ ಕುರ್ಚಿ ತಿರುಗುತ್ತದೆ.

ನಿಮ್ಮ ವಿಭಾಗದ ಪ್ರೋಗ್ರಾಮರ್


ಮೇ 2

ಮಗಳಿಗೆ,

ನೀನು ಕೇಳಿದ್ದಕ್ಕೆ ಉತ್ತರ ಬರೆಯಲು ನಾಲ್ಕು ಸಲ ಕುಳಿತೆ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಲ್ಲಿ ಬರೆಯುವುದು, ಗಿರಾಕಿ ಬಂದರೆ ನೆಮ್ಮದಿಯಿಂದ ಎದ್ದು ಹೋಗುವುದು. ಇವತ್ತು ಬಾಗಿಲು ಹಾಕಿಕೊಂಡು ಕುಳಿತಿದ್ದೇನೆ.

ಬ್ಯಾಗಿನಲ್ಲಿ ಏನು ಸಿಗುತ್ತದೆಂದು ಗೊತ್ತಿರಲಿಲ್ಲ. ಏನೂ ಸಿಗದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ ಎಂದು ಬರೆಯಬಹುದಿತ್ತು, ಮೂರು ಸಲ ಹಾಗೇ ಬರೆದೆ. ಅದು ಸುಳ್ಳು. ಏನಾದರೂ ಸಿಗಲಿ ಎಂದೇ ಹುಡುಕಿದೆ. ಸಿಕ್ಕಿದ್ದರೆ ಬೈಯುತ್ತಿದ್ದೆ, ಅಳುತ್ತಿದ್ದೆ, ಮಾವನ ಕಾಲಿಗೆ ಬೀಳಿಸುತ್ತಿದ್ದೆ, ಅದೆಲ್ಲ ನನಗೆ ಮಾಡಲು ಬರುತ್ತದೆ. ಏನೂ ಸಿಗದಾಗ ಏನು ಮಾಡಬೇಕೆಂದು ತಿಳಿಯಲಿಲ್ಲ. ಸಮಾಧಾನವಾಗಲಿಲ್ಲ, ಇನ್ನೊಂದು ಜೇಬಿಗೆ ಕೈ ಹಾಕಿದೆ.

ನೀನು ಕೇಳದೆ ಇರುವುದೂ ಒಂದಿದೆ. ನಿನ್ನ ಕಾಗದ ಬಂದ ದಿನವೇ ಅದನ್ನು ಅಣ್ಣನಿಗೆ ಓದಿ ಹೇಳಬಹುದಿತ್ತು. ಇದು ನಿನಗೆ ಮಾತ್ರ ಎಂದು ನೀನು ಬರೆದಿದ್ದೆ, ಅದಕ್ಕೇ ಹೇಳಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಏನೆಂದರೆ, ನಂಬಿರಲಿಲ್ಲ. ಎಲ್ಲ ಇಷ್ಟು ಸರಿಯಾಗಿ ಕೂಡಿಬರುತ್ತದೆಯಲ್ಲ, ಓದಿದವಳು, ಹೊಂದಿಸಿ ಬರೆದಿದ್ದಾಳೆ ಎನಿಸಿತು. ಕಾಗದವನ್ನು ಮಡಿಸಿ ಲೆನ್ಸುಗಳ ಡ್ರಾಯರಿನಲ್ಲಿಟ್ಟು ಕಾದೆ. ಅಣ್ಣ ತಾನಾಗಿ ಬರೆದು ತಿಳಿಸಿದ ಮೇಲೆ ನಂಬಿದೆ. ಆಮೇಲೆ ಅವನಿಗೆ ಜೋರು ಮಾಡಿದೆ. ನನಗೆ ಯಾರು ಜೋರು ಮಾಡಬೇಕು? ನಿನ್ನನ್ನು ಹೆತ್ತು ಸಾಕಿದವಳಿಗೆ ನಿನ್ನ ಮಾತು ಸಾಲದೆ ಅವನ ಸಾಕ್ಷಿ ಬೇಕಾಯಿತು.

ಇದನ್ನು ಕ್ಷಮಿಸು ಎಂದು ಕೇಳುವುದಿಲ್ಲ. ನಿನಗೆ ಗೊತ್ತಿರಲಿ ಎಂದು ಬರೆದೆ.

ಬರುವ ಭಾನುವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಹಾಸ್ಟೆಲಿನ ಎದುರು ಬೆಂಚು ಇದೆ ಎಂದಿದ್ದೆಯಲ್ಲ, ಅಲ್ಲಿ ಕೂತಿರುತ್ತೇನೆ. ನೀನು ಇಳಿದು ಬಂದರೆ ಬಂದೆ. ಬರದಿದ್ದರೆ ಸಂಜೆಯ ಬಸ್ಸಿಗೆ ಹಿಂದಿರುಗುತ್ತೇನೆ. ಯಾಕೆ ಬರಲಿಲ್ಲ ಎಂದು ಯಾರನ್ನೂ ಕೇಳುವುದಿಲ್ಲ.

ಅಮ್ಮ